ಹನ್ನೊಂದನೆಯ ದಿನವಿಲ್ಲದ ಸೂತಕ

ಮಂಗಳವಾರ ಅಮ್ಮನ ಬೋನ್ ಸ್ಕ್ಯಾನ್ ಆಯಿತು. ಬೆಳಿಗ್ಗೆ ಹತ್ತಕ್ಕೆ ವಿಕಿರಣ ಸೂಸುವ ಮದ್ದಿನ ಇಂಜೆಕ್ಷನ್ ಕೊಟ್ಟ ಹುಡುಗ ತಲೆಯನ್ನೂ ಎತ್ತದೆ, "ಇವತ್ತು ಮಕ್ಕಳನ್ನು ಎತ್ತಿಕೊಳ್ಳಬೇಡಿ, ನೀರು ಚೆನ್ನಾಗಿ ಕುಡಿಯಿರಿ" ಎಂದ. ಯಾಕೆ ಎಂದು ಕೇಳಿದ್ದಕ್ಕೆ ಮುಂದಿನವರ ಹೆಸರು ಕೂಗಿದ.

ಮನೆಗೆ ಬಂದವಳೇ ಅಮ್ಮ ತನ್ನ ತಟ್ಟೆ, ಲೋಟ, ಚಾಪೆ ಎತ್ತಿಕೊಂಡು ಹಿತ್ತಲ ಕೋಣೆ ಸೇರಿದಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ತಿಂಗಳಿಗೆ ಮೂರು ದಿನದಂತೆ ಮೂವತ್ತು ಚಿಲ್ಲರೆ ವರ್ಷ ಕೂತೆದ್ದ ಕೋಣೆ ಅದು. ಚಾಪೆ ಯಾವ ಮೂಲೆಗೆ ಹಾಸಬೇಕೆಂದು ಕೈಗೇ ಗೊತ್ತು. ತಮ್ಮನ ಎರಡು ವರ್ಷದ ಮಗ ಹೊಸ್ತಿಲಲ್ಲಿ ನಿಂತು ರಚ್ಚೆ ಹಿಡಿದರೆ, "ಮುಟ್ಟಬೇಡ ಕಂದಾ" ಎನ್ನುತ್ತ ಗೋಡೆಗೆ ಇನ್ನಷ್ಟು ಒತ್ತಿ ಕೂತಳು. ಊರಲ್ಲಿಲ್ಲದ ಅಣ್ಣ, "ಒಂದು ವಾರ ಬೇರೆ ಇರಲಿ" ಎಂದು ಅಪ್ಪಣೆ ಕೊಟ್ಟ. ಅವನ ಕಾಳಜಿಯೆಲ್ಲ ಫೋನಿನಲ್ಲೇ. ಥೈರಾಯ್ಡಿಗೆ ಅಯೋಡಿನ್-131 ಎಂಬ ವಿಕಿರಣದ ಮದ್ದು ತೆಗೆದುಕೊಂಡ ಯಾರದೋ ಕಥೆ ಕೇಳಿದ್ದನಂತೆ.

ಅಯೋಡಿನ್ನಿನ ವಿಕಿರಣ ಅರ್ಧಕ್ಕಿಳಿಯಲು ಎಂಟು ದಿನ, ಅಜ್ಜಿಗೆ ಕೊಟ್ಟದ್ದು ಟೆಕ್ನೀಷಿಯಂ-99ಎಂ, ಅದಕ್ಕೆ ಆರೇ ಗಂಟೆ ಎಂದು ತಿದ್ದಿದವಳು ಎರಡನೇ ಪಿಯುಸಿಯ ನನ್ನ ಮಗಳು. "ಅಜ್ಜಿ, ಅದರ ಅರ್ಧಾಯುಷ್ಯ..." ಎನ್ನುವಷ್ಟರಲ್ಲಿ ಅಮ್ಮ, "ಬಿಡ್ತು ಅನ್ನು!" ಎಂದು ಗದರಿದಳು. ಈ ಪದ ಕಟ್ಟಿದವರ ಮನೆಯಲ್ಲಿ ಅಜ್ಜಿಯರಿರಲಿಲ್ಲವೋ ಏನೋ.

ಮಗಳು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ಬೆಳಿಗ್ಗೆ ಹತ್ತಕ್ಕೆ, ವಿಕಿರಣದ ಅಳತೆಯಲ್ಲಿ, 20 ಮಿಲಿಕ್ಯೂರಿ. ಸಂಜೆ ನಾಲ್ಕಕ್ಕೆ 10, ರಾತ್ರಿ ಹತ್ತಕ್ಕೆ 5, ಬೆಳಗಿನ ಜಾವ ನಾಲ್ಕಕ್ಕೆ 2.5, ಮರುದಿನ ಹತ್ತಕ್ಕೆ 1.25. ಹದಿನಾರರಲ್ಲಿ ಒಂದು ಪಾಲು. ಮೂತ್ರದಲ್ಲಿ ಹೋದದ್ದನ್ನೂ ಕಳೆದರೆ ಇನ್ನೂ ಕಡಿಮೆ. ಅಮ್ಮ ಬಿಲ್ಲನ್ನು ದೂರ ಹಿಡಿದು ನೋಡಿದಳು.

"ಸೊನ್ನೆ ಎಲ್ಲಿ?"

"ಸೊನ್ನೆ ಬರುವುದಿಲ್ಲ ಅಜ್ಜಿ. ಅರ್ಧ, ಅದರರ್ಧ, ಹೀಗೇ ಹೋಗುತ್ತದೆ."

"ಸೂತಕಕ್ಕೂ ಹನ್ನೊಂದನೆಯ ದಿನ ಎಂದು ಒಂದಿದೆಯಲ್ಲೇ."

ಸೊನ್ನೆ ಎಲ್ಲಿ ಎಂದ ಆ ಧ್ವನಿ ಈ ವಾರವೆಲ್ಲ ಕಿವಿಯಲ್ಲಿದೆ. ಲೆಕ್ಕ ತಾನಾಗಿ ಎಲ್ಲೂ ನಿಲ್ಲುವುದಿಲ್ಲ. ಇಷ್ಟು ಸಾಕು, ಇನ್ನು ಮುಟ್ಟಬಹುದು ಎಂದು ಯಾರಾದರೂ ಹೇಳಬೇಕು. ಅಮ್ಮನಿಗೆ ಹಾಗೆ ಹೇಳುತ್ತಿದ್ದವಳು ಮೊದಲು ನಮ್ಮಜ್ಜಿ, ಆಮೇಲೆ ಪುರೋಹಿತರು, ಈಗ ಆ ಇಂಜೆಕ್ಷನ್ ಹುಡುಗ. ನಿನಗೆ ಹೇಗನ್ನಿಸುತ್ತದೆ ಎಂದು ಅವಳನ್ನು ಕೇಳಿದವರಿಲ್ಲ. ನಾನೂ ಕೇಳಿದವಳಲ್ಲ.

ಆ ರಾತ್ರಿ ಬಚ್ಚಲಿನಲ್ಲಿ ನೀರಿನ ಸದ್ದಿಗೆ ಎಚ್ಚರವಾಯಿತು. ಗಂಟೆ ನಾಲ್ಕು. ಮಗಳ ಲೆಕ್ಕದಲ್ಲಿ ಇನ್ನೂ ಎರಡೂವರೆ ಬಾಕಿ. ತಲೆಗೆ ನೀರು ಹಾಕಿಕೊಂಡು ಬಂದ ಅಮ್ಮ ಒದ್ದೆ ಕೂದಲಿಗೆ ಟವೆಲ್ ಸುತ್ತಿ, ಯಾರನ್ನೂ ಕೇಳದೆ, ನಿದ್ದೆಯಲ್ಲಿದ್ದ ಮಗುವನ್ನು ಮಗ್ಗುಲಿಗೆ ಎಳೆದುಕೊಂಡು ಮಲಗಿದಳು.