ಎರಡು ಚೀಟಿಗಳ ನಡುವೆ

ಆ ಶನಿವಾರ ಬೆಳಗ್ಗೆ ಎದ್ದು ನೋಡಿದರೆ ಅಕ್ಕನ ಮಗಳು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೆಂಪಗಾಗಿತ್ತು. ಕೈಯಲ್ಲಿ ನನ್ನ ಹಳೇ ಇಂಗ್ಲಿಷ್ ಪ್ರೇಮಕಾದಂಬರಿ ‘ಟ್ವೈಲೈಟ್’ ಇತ್ತು. ರಾತ್ರಿ ಮೂರು ಗಂಟೆಗೆ ಮುಗಿಸಿದಳಂತೆ. ಆಮೇಲೆ ನಿದ್ದೆಯೇ ಬರಲಿಲ್ಲವಂತೆ.

“ಚಿಕ್ಕಮ್ಮ, ಎರಡನೇದು ಎಲ್ಲಿಟ್ಟಿದ್ದೀಯ?”

ನಾನು ಒಂದು ಕ್ಷಣವೂ ಯೋಚಿಸದೆ ಹೇಳಿಬಿಟ್ಟೆ. “ಬೇಡ ಕಣೇ. ಎರಡನೇದು ಅಷ್ಟು ಚೆನ್ನಾಗಿಲ್ಲ. ಸುಮ್ನೆ ಮೊದಲನೇದರ ಖುಷಿಯೂ ಹಾಳಾಗುತ್ತೆ.”

ಅವಳ ಮುಖ ಬಾಡಿತು. ಆದರೆ ಹದಿನಾರು ವರ್ಷದ ಹುಡುಗಿಗೆ ಓದಬೇಡ ಅಂದರೆ ಕೇಳುತ್ತಾಳಾ? ಹತ್ತು ನಿಮಿಷಕ್ಕೆಲ್ಲ ಕಪಾಟಿನ ಮೇಲಿನ ಸಾಲಿನಿಂದ ‘ನ್ಯೂ ಮೂನ್’ ಇಳಿಸಿಕೊಂಡು ಬಂದಳು. ಅದನ್ನು ನನ್ನ ಮುಂದೆ ಹಿಡಿದು, ಒಳಗಿದ್ದ ಎರಡು ಕಾಗದದ ಚೀಟಿಗಳನ್ನು ತೋರಿಸಿದಳು. ಒಂದು ಮೂರನೇ ಅಧ್ಯಾಯದ ಕೊನೆಯಲ್ಲಿ. ಇನ್ನೊಂದು ಇಪ್ಪತ್ತನೇ ಅಧ್ಯಾಯದಲ್ಲಿ. ಪುಸ್ತಕದಲ್ಲಿ ಇರುವುದೇ ಇಪ್ಪತ್ನಾಲ್ಕು ಅಧ್ಯಾಯ.

“ಇದೇನು ಚಿಕ್ಕಮ್ಮ?”

ನೋಡಿದ ತಕ್ಷಣ ನೆನಪಾಯಿತು. ಆಗ ನನಗೆ ಇಪ್ಪತ್ತೊಂದು ವರ್ಷ. ಮೂರನೇ ಅಧ್ಯಾಯದಲ್ಲಿ ನಾಯಕ ಎಡ್ವರ್ಡ್, ರಕ್ತ ಹೀರುವ ವ್ಯಾಂಪೈರು, ನಾಯಕಿ ಬೆಲ್ಲಾಳನ್ನು ಕಾಡಿನಲ್ಲಿ ಬಿಟ್ಟು ಹೊರಟುಹೋಗುತ್ತಾನೆ. ನನಗೆ ಎಷ್ಟು ಸಿಟ್ಟು ಬಂದಿತ್ತು ಅಂದರೆ, ಅವನು ಮತ್ತೆ ಯಾವಾಗ ಬರುತ್ತಾನೆ ಅಂತ ಪುಟ ಮಗುಚುತ್ತಾ ಹೋಗಿದ್ದೆ. ಅವನು ಎದುರಿಗೆ ಬರುವುದು ಇಪ್ಪತ್ತನೇ ಅಧ್ಯಾಯದ ಕೊನೆಯಲ್ಲಿ, ಇಟಲಿಯ ವೋಲ್ಟೆರಾದಲ್ಲಿ. ಅಲ್ಲಿಂದ ಓದಿ ಮುಗಿಸಿದ್ದೆ. ಬಿಟ್ಟಿದ್ದನ್ನು ಆಮೇಲೆ ಓದೋಣ ಅಂತ ಎರಡೂ ಕಡೆ ಚೀಟಿ ಇಟ್ಟಿದ್ದೆ. ಆ ‘ಆಮೇಲೆ’ ಬರಲೇ ಇಲ್ಲ.

ಅಂದರೆ ಇಷ್ಟು ವರ್ಷ ಕೇಳಿದವರಿಗೆಲ್ಲ “ಎರಡನೇ ಭಾಗ ಚೆನ್ನಾಗಿಲ್ಲ” ಅಂತ ಹೇಳುತ್ತಾ ಬಂದವಳು, ಆ ಪುಸ್ತಕದ ಸುಮಾರು ಮೂರನೇ ಎರಡು ಭಾಗ ಓದಿಯೇ ಇರಲಿಲ್ಲ. ಅವಳು ಏನೂ ಅನ್ನಲಿಲ್ಲ. ಪುಸ್ತಕ ಎದೆಗವಚಿಕೊಂಡು ಕಿಟಕಿ ಪಕ್ಕದ ಕುರ್ಚಿಗೆ ಹೋಗಿ ಕೂತಳು. ನನಗೆ ಮಾತ್ರ ಒಳಗೊಳಗೆ ಚುಚ್ಚತೊಡಗಿತು.

ಒಂದು ಪುಸ್ತಕ ಓದಿರಲಿಲ್ಲ, ಸರಿ. ಆದರೆ ನಾನು ಇಂಥ ಕಥೆಗಳನ್ನು ವರ್ಷಗಟ್ಟಲೆ ಓದಿದವಳು. ಪ್ರೇಮಕಥೆಗಳಲ್ಲಿ, ಅದರಲ್ಲೂ ವ್ಯಾಂಪೈರು, ಮಾಟಗಾತಿ, ತೋಳಮನುಷ್ಯರಿರುವ ಪ್ರೇಮಕಥೆಗಳಲ್ಲಿ, ಎರಡನೇ ಭಾಗ ಮೊದಲನೆಯದರ ಎತ್ತರಕ್ಕೆ ಏರುವುದು ಕಷ್ಟ ಅನ್ನುವುದು ನನ್ನ ಅನುಭವ. ಅದು ಸುಳ್ಳಾಗಲಾರದು ಅಲ್ವಾ? ಅವಳು ಓದುತ್ತಿದ್ದಾಗ ನಾನು ಕಪಾಟಿನ ಮುಂದೆ ನೆಲದ ಮೇಲೆ ಕೂತೆ. ಒಂದೊಂದೇ ಸರಣಿ ಹೊರಗೆಳೆದೆ.

ಕಷ್ಟ ಯಾಕೆ ಅನ್ನುವುದು ಮಾತ್ರ ನನಗೆ ಸ್ಪಷ್ಟವಾಗಿತ್ತು. ಪ್ರೇಮಕಥೆಯ ಮೊದಲ ಭಾಗವನ್ನು ಎಳೆದುಕೊಂಡು ಹೋಗುವುದು ಒಂದೇ ಪ್ರಶ್ನೆ: ಇವರಿಬ್ಬರೂ ಒಂದಾಗುತ್ತಾರಾ? ಪ್ಯಾರಾನಾರ್ಮಲ್ ಆದರೆ, ಅಂದರೆ ಅತಿಮಾನುಷರಿರುವ ಕಥೆಯಾದರೆ, ಅದರ ಜೊತೆ ಇನ್ನೊಂದು ಸೇರಿಕೊಳ್ಳುತ್ತದೆ: ಇವನು ಯಾರು, ಏನು? ‘ಟ್ವೈಲೈಟ್’ನಲ್ಲಿ ಎಡ್ವರ್ಡ್ ಬೆಲ್ಲಾಳ ಮೈಮೇಲೆ ಬರುತ್ತಿದ್ದ ವ್ಯಾನನ್ನು ಬರಿಗೈಯಲ್ಲಿ ತಡೆಯುತ್ತಾನೆ. ಅವನ ಕೈ ಐಸಿನಂತೆ ತಣ್ಣಗಿರುತ್ತದೆ. ಸಮುದ್ರದ ದಡದಲ್ಲಿ ಬೆಲ್ಲಾಳ ಗೆಳೆಯ ಜೇಕಬ್ ಒಂದು ಹಳೇ ಕಥೆ ಹೇಳುತ್ತಾನೆ. ಬೆಲ್ಲಾ ಒಂದೊಂದನ್ನೇ ಜೋಡಿಸುತ್ತಾಳೆ, ನಾವೂ ಜೋಡಿಸುತ್ತೇವೆ. ಗುಟ್ಟು ತಿಳಿಯುತ್ತಾ ಹೋದ ಹಾಗೆ ಪ್ರೀತಿಯೂ ತಿಳಿಯುತ್ತಾ ಹೋಗುತ್ತದೆ. ಎರಡೂ ಬೀಗಕ್ಕೆ ಒಂದೇ ಕೀಲಿ. ಆ ಸುಖ ಬೇರೆಯೇ.

ಎರಡನೇ ಭಾಗ ತೆರೆದಾಗ ಎರಡೂ ಬೀಗ ಆಗಲೇ ತೆಗೆದಿರುತ್ತವೆ. ಆಗ ಬರೆಯುವವರು ಏನು ಮಾಡಬೇಕು? ಸಾಮಾನ್ಯವಾಗಿ ಮೂರು ದಾರಿ ಹಿಡಿಯುತ್ತಾರೆ. ಇಬ್ಬರನ್ನೂ ದೂರ ಮಾಡುತ್ತಾರೆ. ಇಲ್ಲವೇ ಮೂರನೆಯವನನ್ನು ತರುತ್ತಾರೆ. ಇಲ್ಲವೇ ಇನ್ನೂ ದೊಡ್ಡ ಶತ್ರುವನ್ನು ತರುತ್ತಾರೆ. ‘ನ್ಯೂ ಮೂನ್’ನಲ್ಲಿ ಮೂರೂ ಇವೆ. ಈ ದಾರಿಗಳೇನೂ ತಪ್ಪಲ್ಲ. ಆದರೆ ಎಷ್ಟೋ ಎರಡನೇ ಭಾಗಗಳಲ್ಲಿ ಇಬ್ಬರು ಕೂತು ಐದು ನಿಮಿಷ ಮಾತಾಡಿದ್ದರೆ ಮುಗಿಯುವ ಜಗಳವನ್ನು ಮುನ್ನೂರು ಪುಟ ಎಳೆಯುತ್ತಾರೆ. ಮೊದಲ ಭಾಗದಲ್ಲಿ ಧೈರ್ಯವಾಗಿದ್ದ ಹುಡುಗಿ ಎರಡನೆಯದರಲ್ಲಿ ಇದ್ದಕ್ಕಿದ್ದಂತೆ ಎಲ್ಲಕ್ಕೂ ಅನುಮಾನ ಪಡುತ್ತಾಳೆ, ಬರೀ ಕಥೆ ಮುಂದೆ ಹೋಗಬೇಕಲ್ಲ ಅಂತ. ಅಂಥದ್ದು ಓದಿದಾಗ ನನಗೆ ನಿಜವಾಗಿ ನೋವಾಗುತ್ತದೆ. ನಾನು ಪ್ರೀತಿಸಿದ ಜನ ಅವರು.

ಹೀಗೆಲ್ಲ ಅಂದುಕೊಂಡೇ ಪುಸ್ತಕಗಳನ್ನು ಎರಡು ರಾಶಿ ಮಾಡತೊಡಗಿದೆ. ಎರಡನೇದು ಸೋತವು ಎಡಕ್ಕೆ, ಗೆದ್ದವು ಬಲಕ್ಕೆ. ಎಡಗಡೆ ರಾಶಿ ಎತ್ತರವಾಯಿತು ನಿಜ. ಆದರೆ ಬಲಗಡೆ ಇಷ್ಟು ಸೇರುತ್ತವೆ ಅಂತ ನಾನು ಅಂದುಕೊಂಡಿರಲಿಲ್ಲ.

ಮೊದಲು ಅಲ್ಲಿಗೆ ಹೋಗಿದ್ದು ‘ಔಟ್‌ಲ್ಯಾಂಡರ್’ನ ಎರಡನೇ ಭಾಗ, ‘ಡ್ರ್ಯಾಗನ್‌ಫ್ಲೈ ಇನ್ ಆಂಬರ್’. ಮೊದಲನೆಯದು 1991ರಲ್ಲಿ ಬಂತು, ಇದು 1992ರಲ್ಲಿ. ಮೊದಲನೆಯದು ಮುಗಿಯುವಾಗ, 20ನೇ ಶತಮಾನದಿಂದ ಕಾಲ ದಾಟಿ ಹಿಂದಕ್ಕೆ ಹೋದ ಕ್ಲೇರ್ ಮತ್ತು ಅಲ್ಲಿ ಅವಳ ಗಂಡನಾದ ಜೇಮಿ 18ನೇ ಶತಮಾನದಲ್ಲಿ ಒಟ್ಟಿಗೆ ಇದ್ದಾರೆ, ಅವಳು ಬಸುರಿ. ಎರಡನೆಯದು ತೆರೆದರೆ 1968. ಅವಳು ಸ್ಕಾಟ್ಲೆಂಡಿಗೆ ಬಂದಿದ್ದಾಳೆ, ಜೊತೆಗೆ ಬೆಳೆದ ಮಗಳು. ಅವನಿಲ್ಲ. ಮೊದಲ ಸಲ ಓದಿದಾಗ ನಾನು ಪುಸ್ತಕ ಬದಲಾಗಿ ಹೋಯಿತಾ ಅಂತ ಕವರ್ ತಿರುಗಿಸಿ ನೋಡಿದ್ದೆ. ಒಂದಾಗುತ್ತಾರಾ ಅನ್ನುವ ಪ್ರಶ್ನೆ ಹೋಗಿ, ಅಯ್ಯೋ, ಹೇಗೆ ಬೇರೆಯಾದರು ಅನ್ನುವ ಪ್ರಶ್ನೆ ಬಂದು ಕೂತಿತ್ತು. ಅದು ಮೊದಲನೆಯದಕ್ಕಿಂತ ಜಾಸ್ತಿ ಕಾಡಿತ್ತು. ಇದನ್ನು ನಾನು ಹೇಗೆ ಮರೆತಿದ್ದೆ?

ಆಮೇಲೆ ಆನ್ ರೈಸ್ ಅವರ ಪುಸ್ತಕಗಳು. ‘ಇಂಟರ್‌ವ್ಯೂ ವಿತ್ ದ ವ್ಯಾಂಪೈರ್’ 1976ರದ್ದು. ಅದರಲ್ಲಿ ಕಥೆ ಹೇಳುವವನು ಲೂಯಿ. ಅವನನ್ನು ವ್ಯಾಂಪೈರ್ ಮಾಡಿದವನು ಲೆಸ್ಟಾಟ್. ಲೂಯಿಯ ಬಾಯಲ್ಲಿ ಕೇಳಿದ ಲೆಸ್ಟಾಟ್ ಕ್ರೂರಿ, ದುಷ್ಟ. ಒಂಬತ್ತು ವರ್ಷದ ನಂತರ, 1985ರಲ್ಲಿ ಬಂದ ‘ದ ವ್ಯಾಂಪೈರ್ ಲೆಸ್ಟಾಟ್’ನಲ್ಲಿ ಲೆಸ್ಟಾಟ್ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಮೊದಲ ಭಾಗದಲ್ಲಿ ನಾವು ನಂಬಿದ್ದೆಲ್ಲ ಅಲ್ಲಾಡಿಹೋಗುತ್ತದೆ. ಇದನ್ನು ಪ್ರೇಮಕಥೆ ಅನ್ನಲು ಒಪ್ಪದವರೂ ಇದ್ದಾರೆ. ನನಗೆ ಅದು ಪ್ರೇಮಕಥೆಯೇ.

ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಮಿಸ್ಟ್ ಆ್ಯಂಡ್ ಫ್ಯೂರಿ’ ಕೈಗೆ ಬಂದಾಗ ನನ್ನ ವಾದ ಪೂರ್ತಿ ಮುರಿದುಬಿತ್ತು. ಮೊದಲ ಭಾಗ 2015, ಇದು 2016. ಮೊದಲ ಭಾಗದಲ್ಲಿ ಯಾರಿಗಾಗಿ ನಾಯಕಿ ಫೇಯ್ರಾ ಪ್ರಾಣವನ್ನೇ ಪಣಕ್ಕಿಟ್ಟಳೋ, ಎರಡನೆಯದರಲ್ಲಿ ಅವನ ಜೊತೆಯೇ ಅವಳಿಗೆ ಉಸಿರು ಕಟ್ಟುತ್ತದೆ. ರಾತ್ರಿ ನಿದ್ದೆಯಿಲ್ಲ, ಕೆಟ್ಟ ಕನಸು. ಕಾಪಾಡುತ್ತೇನೆ ಅಂತ ಅವನು ಅವಳನ್ನು ಮನೆಯೊಳಗೇ ಕೂಡಿಹಾಕುತ್ತಾನೆ. ಎರಡನೇ ಭಾಗ ಮೊದಲ ಭಾಗದ ಪ್ರೀತಿಯನ್ನೇ ಎತ್ತಿ ಪರೀಕ್ಷೆ ಮಾಡುತ್ತದೆ. ಈ ಸರಣಿ ಓದಿದ ನನ್ನ ಗೆಳತಿಯರಲ್ಲಿ ಮೊದಲನೆಯದೇ ಮೇಲು ಅಂದವರು ಯಾರೂ ಇಲ್ಲ. ನಾನೂ ಅನ್ನುವುದಿಲ್ಲ.

ಬ್ರಿಡ್ಜರ್ಟನ್ ಕುಟುಂಬದ ಕಥೆಯ ಪುಸ್ತಕಗಳನ್ನು ಯಾವ ಕಡೆಗೂ ಹಾಕಲಾಗಲಿಲ್ಲ. ಎಂಟು ಮಂದಿ ಅಣ್ಣತಮ್ಮ ಅಕ್ಕತಂಗಿಯರು, ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ. ಮೊದಲ ಎರಡೂ ಬಂದದ್ದು 2000ದಲ್ಲೇ. ಒಂದರಲ್ಲಿ ಡ್ಯಾಫ್ನಿ, ಇನ್ನೊಂದರಲ್ಲಿ ಅವಳ ಅಣ್ಣ ಆ್ಯಂಥನಿ. ಅಲ್ಲಿ ಪ್ರತಿ ಭಾಗವೂ ಮೊದಲ ಭಾಗವೇ. ಬೀಗ ಹೊಸದು, ಮನೆ ಮಾತ್ರ ಹಳೆಯದು. ಮದುವೆಯಾದ ಜೋಡಿ ಹಿಂದೆ ಎಲ್ಲೋ ನಗುತ್ತಾ ನಿಂತಿರುತ್ತಾರೆ, ಯಾರೂ ಅವರ ಸುಖ ಕೆಡಿಸುವುದಿಲ್ಲ. ಜಾಣತನದ ದಾರಿ. ಆದರೆ ಒಂದೇ ಜೋಡಿಯ ಜೊತೆ ಮುಂದೆ ನಡೆಯುವ ಆಸೆ ಅದರಿಂದ ತೀರುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳು ಕುರ್ಚಿಯಿಂದಲೇ ಕೂಗಿದಳು. “ಚಿಕ್ಕಮ್ಮ, ಈ ತಿಂಗಳ ಹೆಸರಿರೋ ಪುಟಗಳನ್ನ ನೋಡಿದ್ಯಾ?”

ನೋಡಿದ್ದೆ. ಮೊದಲ ಚೀಟಿ ಇದ್ದದ್ದೇ ಅಲ್ಲಿ. ಅವನು ಹೋದ ಮೇಲೆ ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ ಅಂತ ಒಂದೊಂದು ಪುಟದಲ್ಲಿ ಬರೀ ಹೆಸರು. ಬೇರೇನೂ ಇಲ್ಲ. ಆಗ ನನಗದು ಮೋಸ ಅನ್ನಿಸಿತ್ತು. ಕಥೆ ಕೊಡಿ ಅಂದರೆ ಖಾಲಿ ಹಾಳೆ ಕೊಡುತ್ತಾರಲ್ಲ ಅಂತ.

“ಹೂಂ, ನೋಡಿದೆ. ಏನೂ ಬರೆದಿಲ್ಲ ಅಲ್ಲಿ.”

“ಬರೆದಿದ್ದಾರೆ ಚಿಕ್ಕಮ್ಮ. ನಾಲ್ಕು ತಿಂಗಳು ಅವಳು ಏನೂ ಮಾಡಲಿಲ್ಲ ಅಂತ ಬರೆದಿದ್ದಾರೆ.”

ನಾನು ಸುಮ್ಮನಾದೆ. ಅವಳು ಮತ್ತೆ ಓದಿನಲ್ಲಿ ಮುಳುಗಿದಳು. ಹುಡುಗಿ ಎಷ್ಟು ಸಲೀಸಾಗಿ ಹೇಳಿದಳು ಅಂತ ನಾನು ತುಂಬ ಹೊತ್ತು ಅಲ್ಲೇ ಕೂತಿದ್ದೆ.

ಸಂಜೆ ಏಳಕ್ಕೆ ಪುಸ್ತಕ ಮುಗಿಸಿ ಬಂದಳು. ನಾನು ಕಾಯುತ್ತಿದ್ದೆ. “ಹೇಳು, ಮೊದಲನೇದಾ, ಎರಡನೇದಾ?” ಅಂದೆ.

“ಎರಡನೇದು.” ಅವಳೂ ಯೋಚಿಸಲಿಲ್ಲ.

“ಅರ್ಧಕ್ಕಿಂತ ಜಾಸ್ತಿ ಅವನೇ ಇಲ್ಲವಲ್ಲೇ ಅದರಲ್ಲಿ!”

“ಅವನಿಲ್ಲ ಅನ್ನೋದೇ ಅಲ್ವಾ ಚಿಕ್ಕಮ್ಮ ಕಥೆ? ಮೊದಲನೇದರಲ್ಲಿ ಅವಳು ಅವನನ್ನ ಇಷ್ಟಪಡ್ತಾಳೆ ಅಂತ ಗೊತ್ತಾಗುತ್ತೆ. ಎಷ್ಟು ಅಂತ ಗೊತ್ತಾಗೋದು ಇದರಲ್ಲೇ.”

ಅವಳು ಪುಸ್ತಕ ನನ್ನ ಮಡಿಲಿಗೆ ಹಾಕಿದಳು. ತೆರೆದು ನೋಡಿದರೆ ಚೀಟಿಗಳಿರಲಿಲ್ಲ.

“ಚೀಟಿ ಎಲ್ಲಿ?”

“ತೆಗೆದಿಟ್ಟೆ. ಈ ಸಲ ಹಾರೋ ಹಾಗಿಲ್ಲ.”

ರಾತ್ರಿ ಊಟವಾದ ಮೇಲೆ ಅಕ್ಟೋಬರಿನಿಂದ ಶುರು ಮಾಡಿದೆ. ಈ ಸಲ ಆ ನಾಲ್ಕು ಪುಟಗಳನ್ನು ನಿಧಾನವಾಗಿ ತಿರುಗಿಸಿದೆ. ಆಮೇಲೆ ಜೇಕಬ್ ಬಂದ. ಅವನ ಗ್ಯಾರೇಜು, ಹಳೇ ಬೈಕುಗಳ ರಿಪೇರಿ, ಕೈಗೆಲ್ಲ ಗ್ರೀಸು. ಅಪಾಯದ ಕೆಲಸ ಮಾಡಿದಾಗ ಎಡ್ವರ್ಡನ ಧ್ವನಿ ಕೇಳಿಸುತ್ತದೆ ಅಂತ ಗೊತ್ತಾದ ಮೇಲೆ ಬೆಲ್ಲಾ ಬೇಕೆಂದೇ ಅಪಾಯ ಹುಡುಕಿಕೊಂಡು ಹೋಗುತ್ತಾಳೆ. ಇಪ್ಪತ್ತೊಂದರ ನಾನು ಇದನ್ನು ಓದಿದ್ದರೆ ಅವಳನ್ನು ಬೈಯುತ್ತಿದ್ದೆ. ಈಗ ಬೈಯಲಾಗಲಿಲ್ಲ.

ನಾನು ಹಾರಿಬಿಟ್ಟಿದ್ದ ಪುಟಗಳಲ್ಲಿ ಇನ್ನೊಂದು ಸಂಗತಿ ಇತ್ತು. ಜೇಕಬ್ ಇದ್ದಕ್ಕಿದ್ದಂತೆ ಮಾತು ಬಿಡುತ್ತಾನೆ. ಕೂದಲು ಕತ್ತರಿಸಿಕೊಳ್ಳುತ್ತಾನೆ, ಮೈಯೆಲ್ಲ ಬಿಸಿ, ಮುಖದಲ್ಲಿ ನಗುವಿಲ್ಲ. ಏನೋ ಆಗಿದೆ, ಹೇಳುತ್ತಿಲ್ಲ. ಬೆಲ್ಲಾ ಮತ್ತೆ ಒಂದೊಂದನ್ನೇ ಜೋಡಿಸಬೇಕು. ಮೊದಲ ಭಾಗದಲ್ಲಿ ಗುಟ್ಟು ತಿಳಿದು ಒಬ್ಬ ಹತ್ತಿರವಾದ. ಇಲ್ಲಿ ಹತ್ತಿರವಿದ್ದವನೇ ಗುಟ್ಟಾಗಿಬಿಡುತ್ತಾನೆ. ಹೊಸ ಬೀಗವೊಂದು ಅಲ್ಲೇ ಇತ್ತು, ಎರಡು ಚೀಟಿಗಳ ನಡುವೆ. ಎಡ್ವರ್ಡನನ್ನು ಹುಡುಕುವ ಆತುರದಲ್ಲಿ ನಾನದನ್ನು ದಾಟಿ ಓಡಿದ್ದೆ.

ಹಾಗಂತ ಅವಳ ಮಾತನ್ನು ನಾನು ಪೂರ್ತಿ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಇಟಲಿಯ ಭಾಗ ತೀರಾ ಅವಸರದ್ದು. ಅಷ್ಟು ದೊಡ್ಡ, ಅಷ್ಟು ಹಳೇ ವ್ಯಾಂಪೈರುಗಳ ಸಭೆ, ಬಂದ ಹಾಗೇ ಮುಗಿದುಹೋಗುತ್ತದೆ. ಹದಿನೇಳು ಅಧ್ಯಾಯ ನೋವು ತಿಂದವಳು ಅವನನ್ನು ಇಷ್ಟು ಬೇಗ ಕ್ಷಮಿಸಬೇಕಿರಲಿಲ್ಲ ಅನ್ನಿಸುತ್ತದೆ. ನನ್ನ ಮನಸ್ಸಿನಲ್ಲಿ ಆ ವ್ಯಾನು, ಆ ತಣ್ಣನೆ ಕೈ ಮೊದಲು ಬರುತ್ತವೆ, ಬರುತ್ತಲೇ ಇರುತ್ತವೆ. ಆದರೆ ಎಡಗಡೆ ರಾಶಿಯಲ್ಲಿದ್ದ ಇನ್ನೂ ಕೆಲವು ಪುಸ್ತಕಗಳ ಬಗ್ಗೆ ಆ ರಾತ್ರಿ ನನಗೆ ಅನುಮಾನ ಶುರುವಾಯಿತು. ಅವುಗಳಲ್ಲಿ ಎಷ್ಟನ್ನು ನಾನು ಅದೇ ಆತುರದಲ್ಲಿ ಓದಿದ್ದೆನೋ.

ಪಕ್ಕದ ಕೋಣೆಯಲ್ಲಿ ಇನ್ನೂ ದೀಪ ಉರಿಯುತ್ತಿತ್ತು. ಅವಳು ಮೂರನೆಯದು ಶುರು ಮಾಡಿದ್ದಳು. ನಾನು ಬೆಲ್ಲಾಳ ಜೊತೆ ಬಂಡೆಯ ತುದಿಯಲ್ಲಿದ್ದೆ, ಕೆಳಗೆ ಸಮುದ್ರ. ಆಮೇಲೆ ಎಡ್ವರ್ಡನ ಸೋದರಿ ಆಲಿಸ್ ಬಂದಳು, ವಿಮಾನ ಹತ್ತಿದರು, ಕಾರು ಓಡಿತು. ಎರಡನೇ ಚೀಟಿ ಇದ್ದ ಪುಟ ಯಾವಾಗ ದಾಟಿತೋ ಗೊತ್ತೇ ಆಗಲಿಲ್ಲ.