ಅಗ್ರಿ ಮುಗಿಸಿದ ಮಕ್ಕಳಿಗೆ ಮೊದಲ ಕೆಲಸ ಎಲ್ಲಿ ಸಿಗುತ್ತದೆ?

"ನಮ್ಮ ಹುಡುಗ ಅಗ್ರಿ ಓದಿ ಮುಗಿಸಿದ್ದಾನೆ. ಎಲ್ಲಾದರೂ ಒಂದು ಕೆಲಸ ಹೇಳ್ತೀರಾ?"

ಕೃಷಿ ಪ್ರಯೋಗದ ತಾಕುಗಳಲ್ಲಿ ಕೆಲಸ ಮಾಡಿದವನು ನಾನು. ಹಾಗಾಗಿ ಈ ಮಾತು ಆಗಾಗ ನನ್ನ ಕಿವಿಗೆ ಬೀಳುತ್ತದೆ. ಕೇಳುವವರು ಅಪ್ಪನೋ ಅಕ್ಕನೋ ಆಗಿರುತ್ತಾರೆ. ಓದಿ ಮುಗಿಸಿದ ಮಗು ಪಕ್ಕದಲ್ಲಿ ಸುಮ್ನೆ ನಿಂತಿರುತ್ತದೆ. ನಾನು ಆ ಮಗುವಿನ ಕಡೆ ತಿರುಗಿ ಕೇಳುವುದು ಇಷ್ಟೇ: "ಯಾವ ಬೆಳೆಯನ್ನು ಬಿತ್ತನೆಯಿಂದ ಕೊಯ್ಲಿನ ತನಕ ಹತ್ತಿರದಿಂದ ನೋಡಿದ್ದೀಯಪ್ಪಾ?"

ತುಂಬಾ ಜನ ಉತ್ತರ ಕೊಡುವುದಿಲ್ಲ. ಅದು ಅವರ ತಪ್ಪಲ್ಲ. ಮಣ್ಣು, ಬೀಜ, ಕೀಟ, ರೋಗ, ಯಂತ್ರ, ಮಾರುಕಟ್ಟೆ, ದನಕರು ಎಲ್ಲವನ್ನೂ ಕೆಲವೇ ವರ್ಷಗಳಲ್ಲಿ ಓದಬೇಕು. ಒಂದು ಬೆಳೆಯ ಜೊತೆ ಪೂರ್ತಿ ಇರುವಷ್ಟು ಹೊತ್ತು ಸಿಗುವುದಿಲ್ಲ. ಕೊನೆಗೆ ಎಲ್ಲರ ಅರ್ಜಿಯಲ್ಲೂ ಅವೇ ವಿಷಯಗಳು, ಅವೇ ಸಾಲುಗಳು. ಓದುವವನಿಗೆ ಯಾರನ್ನು ಕರೆಯಬೇಕು ಅಂತ ಹೇಗೆ ಗೊತ್ತಾಗಬೇಕು?

ನನ್ನ ಉತ್ತರ ಹೀಗಿದೆ. ಒಂದು ಬೆಳೆ ಹಿಡಿಯಿರಿ. ಒಂದು ಹಂಗಾಮು ಪೂರ್ತಿ ಅದರ ಜೊತೆ ಇರಿ. ಕಂಡದ್ದನ್ನು ದಿನಾಂಕ ಹಾಕಿ ಬರೆದಿಡಿ. ಸ್ವಂತ ಹೊಲ ಇಲ್ಲದಿದ್ದರೆ, ಒಳ್ಳೆಯ ರೈತರೊಬ್ಬರನ್ನು ಕೇಳಿಕೊಂಡು ವಾರಕ್ಕೆ ಎರಡು ಸಲ ಅವರ ಹೊಲಕ್ಕೆ ಹೋಗಿ. ಬರೀ ಕೈಯಲ್ಲಿ ಹೋಗಬೇಡಿ, ಅವರ ಕೆಲಸಕ್ಕೂ ಒಂದು ಕೈ ಕೊಡಿ.

ಒಮ್ಮೆ ಕೆಲಸಕ್ಕೆ ಜನ ಆರಿಸಲು ಕುಳಿತಿದ್ದಾಗ ಒಬ್ಬಳು ಹುಡುಗಿ ಇಂಥದೇ ಒಂದು ನೋಟ್‌ಬುಕ್ ತಂದಿದ್ದಳು. ಮೆಕ್ಕೆಜೋಳದ ಪುಟ ತೆರೆದೆ. ಬಿತ್ತಿದ 18ನೇ ದಿನ, ಹೊಲದ ಐದು ಕಡೆ 20 ಗಿಡದಂತೆ 100 ಗಿಡ ನೋಡಿದ್ದಳು. ಎಷ್ಟರಲ್ಲಿ ಎಲೆ ಕೆರೆದು ತೆಳುವಾಗಿದೆ, ಎಷ್ಟರ ಸುಳಿಯಲ್ಲಿ ಹಸಿ ಹಿಕ್ಕೆ ಇದೆ, ಎಲ್ಲಕ್ಕೂ ಲೆಕ್ಕ ಇತ್ತು. ಪಕ್ಕದಲ್ಲಿ ಹುಳುವಿನ ಚಿತ್ರ. ತಲೆಯ ಮೇಲೆ ತಲೆಕೆಳಗಾದ ವೈ ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ. ಫಾಲ್ ಆರ್ಮಿವರ್ಮ್, ಅಂದರೆ ಲದ್ದಿ ಹುಳುವಿನ ಜಾತಿಯದು. ಈ ಹುಳು ಅಮೆರಿಕ ಖಂಡಗಳದ್ದು. 2016ರಲ್ಲಿ ಆಫ್ರಿಕಾದಲ್ಲಿ ಕಂಡಿತು, 2018ರ ಹೊತ್ತಿಗೆ ಏಷ್ಯಾ ತಲುಪಿತು. ಇಲ್ಲಿನ ಎಷ್ಟೋ ಪಠ್ಯಪುಸ್ತಕಗಳಲ್ಲಿ ಅದರ ಹೆಸರೂ ಇರಲಿಲ್ಲ. ಆಗ ಬೇಕಾಗಿದ್ದವರು ಹೊಲಕ್ಕೆ ಇಳಿದು, ಸುಳಿ ಬಿಡಿಸಿ, ಎಣಿಸಿ ಹೇಳುವವರು. ಆ ಹುಡುಗಿಯ ಅಂಕಪಟ್ಟಿ ನೋಡಿದ್ದು ನೆನಪಿಲ್ಲ. ಆ ಪುಟ ಮಾತ್ರ ಈಗಲೂ ಕಣ್ಣ ಮುಂದಿದೆ. ಅವಳನ್ನೇ ತೆಗೆದುಕೊಂಡೆವು.

ಸಂದರ್ಶನದಲ್ಲಿ ನಾನು ತಪ್ಪದೆ ಕೇಳುವ ಲೆಕ್ಕವೂ ಒಂದಿದೆ. ಹೆಕ್ಟೇರಿಗೆ 500 ಮಿ.ಲೀ. ಔಷಧಿ ಅಂತ ಬಾಟಲಿಯ ಮೇಲೆ ಬರೆದಿದೆ. ನಿನ್ನ ಹತ್ತಿರ 16 ಲೀಟರ್ ಟ್ಯಾಂಕ್ ಇದೆ. ಒಂದು ಟ್ಯಾಂಕಿಗೆ ಎಷ್ಟು ಹಾಕುತ್ತೀಯ? ಥಟ್ಟನೆ ಒಂದು ಸಂಖ್ಯೆ ಹೇಳುವವರಿಗಿಂತ, "ಸರ್, ಹೆಕ್ಟೇರಿಗೆ ನೀರು ಎಷ್ಟು ಹಿಡಿಯುತ್ತೆ?" ಅಂತ ತಿರುಗಿ ಕೇಳುವವರು ನನಗೆ ಇಷ್ಟ. ಅದನ್ನು ಅಳೆಯಬೇಕು. 10 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗಕ್ಕೆ ಬರೀ ನೀರು ಸಿಂಪಡಿಸಿ ನೋಡಿ. 4 ಲೀಟರ್ ಖರ್ಚಾದರೆ ಹೆಕ್ಟೇರಿಗೆ 400 ಲೀಟರ್. ಅಂದರೆ 25 ಟ್ಯಾಂಕ್. ಟ್ಯಾಂಕಿಗೆ 20 ಮಿ.ಲೀ. ನಡಿಗೆ ಬದಲಾದರೆ, ನಾಝಲ್ ಸವೆದರೆ ಈ ಲೆಕ್ಕವೂ ಬದಲಾಗುತ್ತದೆ. ಒಂದು ಮಧ್ಯಾಹ್ನ ಸಾಕು ಇದನ್ನು ಕಲಿಯಲು. ಆದರೂ ಮಾಡಿ ನೋಡಿದವರು ಕಡಿಮೆ.

ನನ್ನ ಮೊದಲ ಕೆಲಸ ಬೀಜ ಎಣಿಸುವುದಾಗಿತ್ತು. ಮೊಳಕೆ ಪರೀಕ್ಷೆಗೆ ನೂರರಂತೆ ನಾಲ್ಕು ಗುಂಪು, ಒಟ್ಟು 400 ಬೀಜ. ಮೊಳೆತದ್ದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಬೇರು ಮೊಂಡಾಗಿರುವುದು, ಕಾಂಡ ಸೀಳಿರುವುದು ಬೇರೆ ಪಟ್ಟಿಗೆ. ನಾಲ್ಕು ಗುಂಪಿನ ನಡುವೆ ವ್ಯತ್ಯಾಸ ಜಾಸ್ತಿಯಾದರೆ ಮತ್ತೆ ಮೊದಲಿಂದ. ಪದವಿ ಪಡೆದು ಇದನ್ನೇಕೆ ಮಾಡಬೇಕು ಅಂತ ಮೊದಲ ವಾರ ಅಳು ಬಂದಿತ್ತು. ಆದರೆ ಆ ಮೇಜಿಗೆ ಬೀಜದ ವ್ಯಾಪಾರಿಗಳು ಬರುತ್ತಿದ್ದರು, ತಳಿ ತಜ್ಞರು ಬರುತ್ತಿದ್ದರು, ಮೊಳಕೆ ಬಾರದೆ ಕಂಗಾಲಾದ ರೈತರೂ ಬರುತ್ತಿದ್ದರು. ಎರಡನೇ ಕೆಲಸ ಅಲ್ಲಿಗೆ ಬಂದವರೊಬ್ಬರೇ ಕೊಟ್ಟರು. ಅದಕ್ಕೇ ಹೇಳುತ್ತೇನೆ, ಮಣ್ಣು ಪರೀಕ್ಷೆಯ ಲ್ಯಾಬ್, ನರ್ಸರಿ, ಬೀಜೋತ್ಪಾದನೆಯ ಹೊಲ, ಹನಿ ನೀರಾವರಿಯ ಕೆಲಸ, ಹಣ್ಣು ತರಕಾರಿ ವಿಂಗಡಿಸುವ ಘಟಕ, ಯಾವುದೂ ಸಣ್ಣದಲ್ಲ.

ಮಾರಾಟದ ಕೆಲಸ ಬಂದರೆ? ತುಂಬಾ ಮಕ್ಕಳಿಗೆ ಮೊದಲು ಸಿಗುವುದು ಅದೇ. ತೆಗೆದುಕೊಳ್ಳಿ. ರೈತರು ನಿಜವಾಗಿ ಏನು ಕೇಳುತ್ತಾರೆ ಅಂತ ಅಲ್ಲಿ ಗೊತ್ತಾಗುತ್ತದೆ. ಆದರೆ ಬೇಡದ ಔಷಧಿಯನ್ನು ಸುಳ್ಳು ಹೇಳಿ ಮಾರು ಅಂದರೆ ಬಿಟ್ಟು ಬನ್ನಿ. ನಿಮ್ಮನ್ನು ನಂಬಿ ಸಾಲ ಮಾಡಿ ಕೊಳ್ಳುವವನು ರೈತ.

ಇನ್ನು ಸಮಯದ ಮಾತು. ಈ ಕ್ಷೇತ್ರದಲ್ಲಿ ಎಷ್ಟೋ ಕೆಲಸಗಳು ಬೆಳೆಯ ಜೊತೆಗೇ ಹುಟ್ಟುತ್ತವೆ. ಪ್ರಯೋಗದ ತಾಕಿಗೆ ಜನ ಬೇಕಾಗುವುದು ಬಿತ್ತನೆಗೆ ಮುಂಚೆ, ವಿಂಗಡಿಸುವ ಘಟಕಕ್ಕೆ ಕೊಯ್ಲಿಗೆ ಮುಂಚೆ. ಬೆಳೆ ಎದೆಯುದ್ದ ಬಂದ ಮೇಲೆ ಅರ್ಜಿ ಹಾಕಿದರೆ, ಒಳ್ಳೆಯ ಅರ್ಜಿಯೂ ಮೂಲೆಗೆ ಬೀಳುತ್ತದೆ. ಎರಡು ತಿಂಗಳು ಮೊದಲೇ ಹೋಗಿ ಮುಖ ತೋರಿಸಿ. ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದರೂ ಇದನ್ನು ಬಿಡಬೇಡಿ. ಎರಡೂ ಜೊತೆಗೆ ನಡೆಯಲಿ.

ಮನೆಯವರಿಗೆ ನನ್ನದೊಂದು ಕೋರಿಕೆ. ದಿನಾ ಹತ್ತು ಕೆಲಸದ ಜಾಹೀರಾತು ಫಾರ್ವರ್ಡ್ ಮಾಡಬೇಡಿ. ಅದರಿಂದ ಮಕ್ಕಳು ಕುಗ್ಗುತ್ತಾರೆ, ಅಷ್ಟೇ. ಅದರ ಬದಲು ಹೊಲದಲ್ಲೋ ಲ್ಯಾಬಿನಲ್ಲೋ ಕೆಲಸ ಮಾಡುವ ಒಬ್ಬರನ್ನು ಪರಿಚಯ ಮಾಡಿಸಿ. "ಕೆಲಸ ಕೊಡಿ" ಅನ್ನುವ ಬದಲು "ಒಂದು ದಿನ ನಿಮ್ಮ ಜೊತೆ ಬರಲಾ?" ಅಂತ ಮಗುವೇ ಕೇಳಲಿ. ಬರಬೇಡ ಅನ್ನುವವರು ಕಡಿಮೆ.

ಹಾಗೆಯೇ, ಕೆಲಸ ಕೊಡಿಸುತ್ತೇವೆ ಅಂತ ಯಾರಾದರೂ ಮುಂಗಡ ದುಡ್ಡು ಕೇಳಿದರೆ ಕೊಡಬೇಡಿ. ಅಸಲಿ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಅಂದರೂ ಬೇಡ, ತೋರಿಸಿ ವಾಪಸ್ ತನ್ನಿ. ಊರೂರು ಸುತ್ತುವ ಕೆಲಸವಾದರೆ ಗಾಡಿ ಯಾರದು, ಪೆಟ್ರೋಲ್ ಖರ್ಚು ಯಾರದು, ಮಾರಾಟವಾಗದೆ ಉಳಿದ ಮಾಲು ಯಾರ ತಲೆಗೆ ಬರುತ್ತದೆ, ಈ ಮೂರನ್ನೂ ಸಹಿ ಹಾಕುವ ಮುಂಚೆ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.