ಕೈ ನಡುಗುತ್ತಿತ್ತು, ನೆನಪಲ್ಲ

ಸೋದರಮಾವನ ಉಯಿಲಿಗೆ ಸಾಕ್ಷಿ ರುಜು ಹಾಕಿದ್ದೆ. ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ತಕರಾರು ಬಂದರೆ, ಬದುಕಿರುವವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಲೇಬೇಕು. ಜೊತೆಗೆ ರುಜು ಹಾಕಿದ್ದ ಮೇಷ್ಟ್ರು ತೀರಿಕೊಂಡಿದ್ದರು. ಉಳಿದವಳು ನಾನೊಬ್ಬಳೇ. ಮಾವ ನಾಲೆ ಬಯಲಿನ ಗದ್ದೆಯನ್ನು ಮಗಳಿಗೆ ಬರೆದಿದ್ದರು, ಮಗ ದಾವಾ ಹಾಕಿದ್ದ. ಹಾಗಾಗಿ ಮಂಡ್ಯದ ಕೋರ್ಟು ಹತ್ತಿದೆ.

ಅಟೆಂಡರ್ ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕೂಗಿದರು. ಕಟಕಟೆ ಸೊಂಟದೆತ್ತರದ ಮರದ್ದು. ಬಂದವರೆಲ್ಲ ಹಿಡಿದು ಹಿಡಿದು ಮೇಲಿನ ಪಟ್ಟಿಯ ಪಾಲಿಶ್ ಪೂರ್ತಿ ಹೋಗಿದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಯಾವ ಗ್ರಂಥವನ್ನೂ ಮುಟ್ಟಿಸಲಿಲ್ಲ. ದೇವರ ಹೆಸರಲ್ಲಿ ಪ್ರಮಾಣ ಮಾಡಿಸಿದರು, ಅಷ್ಟೇ.

ಮುಖ್ಯ ವಿಚಾರಣೆ, ಅಂದರೆ ನನ್ನ ಕಡೆಯ ಹೇಳಿಕೆ, ಬರೆದುಕೊಟ್ಟ ಅಫಿಡವಿಟ್‌ನಲ್ಲೇ ಮುಗಿದಿತ್ತು. ಕಷ್ಟ ಇರುವುದು ಪಾಟಿ ಸವಾಲಿನಲ್ಲಿ, ಅಂದರೆ ಎದುರು ವಕೀಲರು ಕೇಳುವ ಪ್ರಶ್ನೆಗಳಲ್ಲಿ. "ನಿಮ್ಮ ಮಾವ ರುಜು ಹಾಕಿದ್ದನ್ನ ನೀವು ಕಣ್ಣಾರೆ ನೋಡಿದ್ರಾ? ನೀವು ಹಾಕುವಾಗ ಅವರು ಎದುರಿಗೇ ಇದ್ರಾ?" ಇವು ಸುಮ್ನೆ ಕೇಳೋ ಪ್ರಶ್ನೆಗಳಲ್ಲ. ಇಲ್ಲಿ ತಡವರಿಸಿದರೆ ಉಯಿಲೇ ಬಿದ್ದುಹೋಗಬಹುದು.

"ಅವರ ಕೈ ನಡುಗ್ತಿತ್ತು, ಅಲ್ವೇನಮ್ಮಾ?"

"ನಡುಗ್ತಿತ್ತು ಸ್ವಾಮಿ. ಆದ್ರೆ ಗದ್ದೆಯ ಸರ್ವೆ ನಂಬರು, ನಾಕೂ ದಿಕ್ಕಿನ ಚಕ್ಕುಬಂದಿ ಎಲ್ಲಾ ಬಾಯಲ್ಲೇ ಹೇಳಿ ಬರೆಸಿದ್ರು."

ನಾವು ಹೇಳಿದ್ದು ಹೇಳಿದ ಹಾಗೇ ದಾಖಲಾಗುವುದಿಲ್ಲ. ಜಡ್ಜ್ ಅದನ್ನು ವಾಕ್ಯ ಮಾಡಿ ಹೇಳುತ್ತಾರೆ, ಟೈಪಿಸ್ಟ್ ಕುಟ್ಟುತ್ತಾರೆ. ವಕೀಲರ ಆರೋಪವನ್ನು ನಾನು ಅಲ್ಲಗಳೆದದ್ದು ಹೀಗಾಯಿತು: 'ಅವರಿಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂದರೆ ಸರಿಯಲ್ಲ.' 'ನಾನು ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ.' ಇಂಥವು ಹಾಳೆಗಟ್ಟಲೆ.

ಕೊನೆಗೆ ರುಜು ಹಾಕಿ ಅಂತ ಹಾಳೆ ಕೊಟ್ಟರು. ಗಡಿಯಾರ ಊಟದ ಹೊತ್ತು ತೋರಿಸುತ್ತಿತ್ತು, ಎಲ್ಲರಿಗೂ ಅವಸರ. ನಾನು ನಿಧಾನಕ್ಕೆ ಓದಿದೆ. ಕೈ ನಡುಗುತ್ತಿತ್ತು ಅನ್ನುವುದು ಇತ್ತು. ಸರ್ವೆ ನಂಬರಿನ ಮಾತೇ ಇರಲಿಲ್ಲ. ಅರ್ಧ ಸತ್ಯಕ್ಕೆ ಹೇಗೆ ರುಜು ಹಾಕಲಿ?

"ಸ್ವಾಮಿ, ನಾನು ಇನ್ನೊಂದು ಮಾತೂ ಹೇಳಿದ್ದೆ" ಅಂದೆ. ಎದುರು ವಕೀಲರು ಎದ್ದು ನಿಂತರು. ಜಡ್ಜ್ ಕೈಸನ್ನೆಯಲ್ಲೇ ಅವರನ್ನು ಕೂರಿಸಿ, ನನ್ನ ಮಾತು ಪೂರ್ತಿ ಕೇಳಿ ಸೇರಿಸಿದರು. ಹೇಳಿಕೆಯನ್ನು ಓದಿ ತಿದ್ದಿಸುವುದಕ್ಕೆ ಕಾನೂನಿನಲ್ಲೇ ಅವಕಾಶ ಇದೆ. ಆದರೂ ಎಷ್ಟೋ ಜನ ಹೆದರಿ, ಓದದೆ ರುಜು ಹಾಕಿ ಇಳಿದುಬಿಡುತ್ತಾರೆ. ಓದೋಕೆ ಬಾರದವರ ಗತಿ ಏನು ಅಂತ ನೆನೆದರೆ ಸಂಕಟ ಆಗುತ್ತದೆ.

ತೀರ್ಪು ಏನಾದರೂ ಬರಲಿ. ಮಾವನ ನೆನಪು ಎಷ್ಟು ಚುರುಕಾಗಿತ್ತು ಅನ್ನುವುದು ಈಗ ದಾಖಲೆಯಲ್ಲಿದೆ. ಮುಂದಿನ ವಾಯಿದೆಗೆ ಉಯಿಲು ಬರೆದುಕೊಟ್ಟ ಪತ್ರ ಬರಹಗಾರರ ಸರದಿ.